ವ್ಯಾಪಾರ ಇಲ್ಲದಿದ್ದರೂ ರೈತ ಕಂಪನಿಗೆ ಆಡಿಟ್ ತಪ್ಪಲ್ಲ

ನಮ್ಮ ರೈತ ಉತ್ಪಾದಕ ಕಂಪನಿಯ ಆಡಿಟರ್ ಆಫೀಸು ಇರೋದು ಬೆಂಗಳೂರಿನ ನಗರ್ತಪೇಟೆಯಲ್ಲಿ. ಕೆಳಗಡೆ ಸೀರೆ ಅಂಗಡಿಗಳು. ಒಬ್ಬರೇ ಮಾಲೀಕರಿರುವ ಅಂಥ ಅಂಗಡಿಗೆ ಆಡಿಟ್ ಬೇಕೋ ಬೇಡವೋ ಅನ್ನೋದು ವಹಿವಾಟಿನ ಮೇಲೆ ಹೋಗುತ್ತೆ. ಕಂಪನಿಗೆ ಆ ಲೆಕ್ಕಾಚಾರವೇ ಇಲ್ಲ. ವರ್ಷಪೂರ್ತಿ ಒಂದು ಚೀಲ ರಾಗಿ ಮಾರದಿದ್ದರೂ, 2013ರ ಕಂಪನಿ ಕಾಯ್ದೆ ಪ್ರಕಾರ ಚಾರ್ಟರ್ಡ್ ಅಕೌಂಟೆಂಟ್ ಲೆಕ್ಕ ಪರಿಶೀಲಿಸಲೇಬೇಕು.

ನೋಂದಣಿಯಾದ 30 ದಿನದೊಳಗೆ ನಿರ್ದೇಶಕ ಮಂಡಳಿ ಮೊದಲ ಆಡಿಟರನ್ನು ನೇಮಿಸಬೇಕು. ರೈತ ಕಂಪನಿಗೆ ಇದರ ಜೊತೆ ಆಂತರಿಕ ಆಡಿಟ್ ಕೂಡ ಕಡ್ಡಾಯ. ಎಷ್ಟು ತಿಂಗಳಿಗೊಮ್ಮೆ ಅಂತ ನಿಮ್ಮ ಕಂಪನಿಯ ನಿಯಮಾವಳಿಯಲ್ಲೇ ಬರೆದಿರುತ್ತೆ, ತೆಗೆದು ನೋಡಿ. (ಬಹಳ ಜನ ಅದನ್ನು ಬೀರುವಿನಿಂದ ಹೊರಗೆ ತೆಗೆದೇ ಇರಲ್ಲ.)

ವಾರ್ಷಿಕ ಸಭೆ ಮುಗಿದ ಮೇಲೆ ನಿಗದಿತ ಅವಧಿಯೊಳಗೆ ಆಡಿಟ್ ಆದ ಲೆಕ್ಕವನ್ನು ಎಒಸಿ-4 ನಮೂನೆಯಲ್ಲಿ ಕಂಪನಿಗಳ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು. ತಡವಾದರೆ ದಿನಕ್ಕೆ 100 ರೂ. ಹೆಚ್ಚುವರಿ ಶುಲ್ಕ. ಸತತ 3 ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು 5 ವರ್ಷ ಅನರ್ಹರಾಗುತ್ತಾರೆ. ಊರವರು ಕೇಳಿದರು ಅಂತ ಸಹಿ ಹಾಕಿ ನಿರ್ದೇಶಕರಾದ ರೈತರಿಗೂ ಇದು ಅನ್ವಯ.

ಹಾಗಾಗಿ ಖರೀದಿಯ ದಿನವೇ ತೂಕದ ಚೀಟಿ, ರೈತರ ಸಹಿ ಇರುವ ರಸೀದಿ, ಬ್ಯಾಂಕ್ ಪಾವತಿಯ ದಾಖಲೆ ಮೂರನ್ನೂ ಒಟ್ಟಿಗೆ ಪಿನ್ ಮಾಡಿಡಿ. ಮಾರ್ಚ್ 31ರಂದು ಗೋದಾಮಿನ ದಾಸ್ತಾನು ಎಣಿಸಿ, ಬರೆದಿಟ್ಟುಕೊಳ್ಳಿ. ಆಡಿಟರ್ ಮೊದಲು ಕೇಳೋದು ಇವನ್ನೇ.