ಗೇಮ್ ಕನ್ಸೋಲ್: ಆಯುಷ್ಯ ಇರುವುದು ಯಂತ್ರದ ಶಕ್ತಿಯಲ್ಲಷ್ಟೇ ಅಲ್ಲ

ಮಂಗಳೂರು: 2013ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪೆನಿ 'ಫಿಫಾ 14' ಫುಟ್ಬಾಲ್ ಆಟವನ್ನು ಬಿಡುಗಡೆ ಮಾಡಿತು. ಮಾರುಕಟ್ಟೆಗೆ ಬಂದು 13 ವರ್ಷ ಕಳೆದಿದ್ದ ಸೋನಿಯ ಪ್ಲೇಸ್ಟೇಷನ್ 2 ಯಂತ್ರಕ್ಕೂ ಆ ಆಟದ ಆವೃತ್ತಿಯೊಂದು ಬಂತು. ಬಂದು ವರ್ಷವೂ ತುಂಬದ ನಿಂಟೆಂಡೊದ ವೀ ಯು ಯಂತ್ರಕ್ಕೆ ಮಾತ್ರ ಬರಲಿಲ್ಲ. ಶಕ್ತಿಯಲ್ಲಿ ವೀ ಯು ಮುಂದೆ ಪ್ಲೇಸ್ಟೇಷನ್ 2 ಯಾವ ಲೆಕ್ಕಕ್ಕೂ ಇಲ್ಲ. ಹೀಗಿದ್ದೂ ಹಳೆಯದು ಬದುಕಿತು, ಹೊಸದು ಸೊರಗಿತು.

ಮಕ್ಕಳ ಒತ್ತಾಯಕ್ಕೆ ಮಣಿದು ಕನ್ಸೋಲ್ ಕೊಳ್ಳಲು ಹೊರಟ ನಗರದ ಪಾಲಕರಿಗೆ ಇದು ಕೇವಲ ಕುತೂಹಲದ ಸಂಗತಿಯಲ್ಲ. ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ, 49,990 ರೂಪಾಯಿಗೆ. ಅದಕ್ಕೂ ಮೊದಲು, 2020ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸಿರೀಸ್ ಎಸ್ 34,990 ರೂಪಾಯಿಗೆ ಬಂದಿತ್ತು. ಸಂಬಳದ ಮನೆಗೆ ಎರಡೂ ಸಣ್ಣ ಮೊತ್ತವಲ್ಲ. ಅಂಗಡಿಯಲ್ಲಿ ಹೇಳುವುದು ಯಂತ್ರದ ಶಕ್ತಿಯ ಅಂಕಿಗಳನ್ನು. ಕೊಳ್ಳುವವರಿಗೆ ಬೇಕಾದುದು, ಇನ್ನೆಷ್ಟು ವರ್ಷ ಹೊಸ ಆಟಗಳು ಬರುತ್ತವೆ ಎಂಬ ಮಾಹಿತಿ.

ಕನ್ಸೋಲ್ ತಯಾರಿಸುವ ಕಂಪೆನಿ ತಾನೇ ರೂಪಿಸುವ ಆಟಗಳು ಕೆಲವೇ. ಕ್ರಿಕೆಟ್, ಫುಟ್ಬಾಲ್ ಆಟಗಳಲ್ಲಿ ಹೆಚ್ಚಿನವು ಹೊರಗಿನ ಕಂಪೆನಿಗಳವು. ಅವು ಒಂದೇ ಆಟವನ್ನು ಹಲವು ಯಂತ್ರಗಳಿಗೆ ಒಗ್ಗಿಸಿ ಮಾರುತ್ತವೆ. ಒಗ್ಗಿಸುವ ಖರ್ಚು ಮಾರಾಟದಿಂದ ಹುಟ್ಟದಿದ್ದರೆ ಆ ಯಂತ್ರವನ್ನು ಕೈಬಿಡುತ್ತವೆ.

ಯಂತ್ರದ ಶಕ್ತಿಯ ಪ್ರಶ್ನೆ ಬರುವುದು ಈ ಖರ್ಚಿನಲ್ಲಿ. ದುರ್ಬಲ ಯಂತ್ರಕ್ಕಾಗಿ ಚಿತ್ರದ ಸ್ಪಷ್ಟತೆಯನ್ನು ತಗ್ಗಿಸಬಹುದು. ಸೆಕೆಂಡಿಗೆ 60 ಚಿತ್ರಗಳ ಬದಲು 30 ತೋರಿಸಬಹುದು. ಆದರೆ ಆಟದೊಳಗಿನ ಪಟ್ಟಣದ ವಿಸ್ತಾರ, ಏಕಕಾಲಕ್ಕೆ ಓಡಾಡುವ ಪಾತ್ರಗಳ ಸಂಖ್ಯೆ ಪ್ರೊಸೆಸರ್ ಹಾಗೂ ಮೆಮೊರಿಯನ್ನು ಅವಲಂಬಿಸಿವೆ. ಅವುಗಳಿಗೆ ಕತ್ತರಿ ಹಾಕಿದರೆ ಆಟವೇ ಬೇರೆಯಾಗುತ್ತದೆ. ಸಿರೀಸ್ ಎಸ್‌ನಲ್ಲಿರುವುದು 10 ಜಿಬಿ ಮೆಮೊರಿ. ಅದರ ಅಣ್ಣನಂತಿರುವ ಸಿರೀಸ್ ಎಕ್ಸ್‌ನಲ್ಲಿ 16 ಜಿಬಿ. 'ಬಾಲ್ಡರ್ಸ್ ಗೇಟ್ 3' ಆಟದಲ್ಲಿ ಇಬ್ಬರು ಒಂದೇ ಪರದೆಯನ್ನು ಹಂಚಿಕೊಂಡು ಆಡುವ ಸೌಲಭ್ಯ ಸಿರೀಸ್ ಎಸ್‌ನಲ್ಲಿ ಸರಿಹೊಂದಲಿಲ್ಲ. ಎರಡೂ ಯಂತ್ರಗಳಲ್ಲಿ ಒಂದೇ ಸೌಲಭ್ಯ ಇರಬೇಕೆಂಬ ನಿಯಮವನ್ನು ಮೈಕ್ರೋಸಾಫ್ಟ್ ಸಡಿಲಿಸಬೇಕಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಪ್ಲೇಸ್ಟೇಷನ್ 5ಕ್ಕೆ ಬಂದ ಆಟ ಎಕ್ಸ್‌ಬಾಕ್ಸ್‌ಗೆ ಬಂದದ್ದು ಡಿಸೆಂಬರ್‌ನಲ್ಲಿ.

ಹಾಗೆಂದು ಶಕ್ತಿ ಹೆಚ್ಚಿದ್ದರೆ ಆಯುಷ್ಯ ಹೆಚ್ಚು ಎನ್ನುವಂತಿಲ್ಲ. ಪ್ಲೇಸ್ಟೇಷನ್ 2ರಲ್ಲಿ ಇದ್ದುದು 32 ಎಂಬಿ ಮುಖ್ಯ ಮೆಮೊರಿ. 2001ರಲ್ಲಿ ಬಂದ ಮೊದಲ ಎಕ್ಸ್‌ಬಾಕ್ಸ್‌ನಲ್ಲಿ 64 ಎಂಬಿ. ಆ ಅಂತರ ಹೊರಗಿನ ಕಂಪೆನಿಗಳನ್ನು ಓಡಿಸುವಷ್ಟು ದೊಡ್ಡದಾಗಿರಲಿಲ್ಲ. ಎಕ್ಸ್‌ಬಾಕ್ಸ್ ಮಾರಾಟವಾದದ್ದು ಸುಮಾರು 2.4 ಕೋಟಿ, ಪ್ಲೇಸ್ಟೇಷನ್ 2, 15 ಕೋಟಿಗೂ ಅಧಿಕ. ಅಷ್ಟು ಮನೆಗಳನ್ನು ಬಿಟ್ಟುಕೊಡಲು ಯಾವ ವ್ಯಾಪಾರಿಗೂ ಮನಸ್ಸು ಬಾರದು. ನಮ್ಮ ದೇಶದ ಹುಡುಗರು ಇಂದಿಗೂ ನೆನೆಯುವ 'ಕ್ರಿಕೆಟ್ 07' ಬಂದದ್ದು ಕಂಪ್ಯೂಟರ್ ಬಿಟ್ಟರೆ ಆ ಯಂತ್ರಕ್ಕೆ ಮಾತ್ರ. ಪ್ಲೇಸ್ಟೇಷನ್ 3 ಭಾರತಕ್ಕೆ 2007ರಲ್ಲಿ 39,990 ರೂಪಾಯಿಗೆ ಬಂದಿತ್ತಾದರೂ, 2009ರಲ್ಲಿ ಹೈದರಾಬಾದಿನ ಅರೋನಾ ಸಂಸ್ಥೆ ರೂಪಿಸಿದ 'ಹನುಮಾನ್: ಬಾಯ್ ವಾರಿಯರ್' ಆಟ ಬಂದದ್ದು ಹಳೆಯ ಪ್ಲೇಸ್ಟೇಷನ್ 2ಕ್ಕೇ. ಅದರ ಉತ್ಪಾದನೆ ನಿಂತದ್ದು 2013ರ ಜನವರಿಯ ವೇಳೆಗೆ.

ಜನಪ್ರಿಯತೆಯೊಂದೇ ಸಾಲದು ಎಂಬುದಕ್ಕೂ ನಿದರ್ಶನವಿದೆ. 2006ರ ನಿಂಟೆಂಡೊ ವೀ 10 ಕೋಟಿಗೂ ಹೆಚ್ಚು ಮಾರಾಟವಾಯಿತು. ಆದರೆ ಹೈ ಡೆಫಿನಿಷನ್ ಚಿತ್ರವನ್ನು ಮೂಡಿಸುವ ಸಾಮರ್ಥ್ಯ ಅದಕ್ಕಿರಲಿಲ್ಲ. ಅದೇ ಕಾಲದ ಪ್ಲೇಸ್ಟೇಷನ್ 3, ಎಕ್ಸ್‌ಬಾಕ್ಸ್ 360ಗಳಿಗಾಗಿ ರೂಪಿಸಿದ ದೊಡ್ಡ ಆಟಗಳನ್ನು ಅದಕ್ಕೆ ಇಳಿಸುವುದೆಂದರೆ ಬಹುಪಾಲು ಹೊಸದಾಗಿ ಬರೆದಂತೆಯೇ. 2013ರ 'ಗ್ರ್ಯಾಂಡ್ ಥೆಫ್ಟ್ ಆಟೊ 5' ಆ ಎರಡಕ್ಕೂ ಬಂತು, ವೀಗೆ ಬರಲಿಲ್ಲ. ಇನ್ನು ವೀ ಯು ಕಥೆ ತಿರುಗುಮುರುಗು: ಪ್ಲೇಸ್ಟೇಷನ್ 3ರ ಆಟಗಳನ್ನು ನಡೆಸುವ ಶಕ್ತಿ ಅದಕ್ಕಿತ್ತು, ಕೊಳ್ಳುವವರಿರಲಿಲ್ಲ. ಒಟ್ಟು ಮಾರಾಟ 1.36 ಕೋಟಿ, 2017ರ ಜನವರಿಯಲ್ಲಿ ಉತ್ಪಾದನೆ ಸ್ಥಗಿತಗೊಂಡಿತು. ಅದೇ ವರ್ಷ ಬಂದ ನಿಂಟೆಂಡೊ ಸ್ವಿಚ್ ಪ್ಲೇಸ್ಟೇಷನ್ 4ಕ್ಕಿಂತ ದುರ್ಬಲವಾದರೂ ಜನ ಮುಗಿಬಿದ್ದು ಕೊಂಡರು. 'ವಿಚರ್ 3'ರಂಥ ಭಾರಿ ಆಟವೂ 2019ರಲ್ಲಿ, ಚಿತ್ರ ತುಸು ಮಸುಕಾಗಿಯೇ ಸರಿ, ಅದಕ್ಕೆ ಬಂತು.

ಈ ವ್ಯವಹಾರದಲ್ಲಿ ನಮ್ಮ ರಾಜ್ಯದ ಪಾಲೂ ಉಂಟು. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರ್ಯಾಕ್ಟಿವ್, ಮೈಕ್ರೋಸಾಫ್ಟ್‌ನ 'ಫೋರ್ಜಾ' ಕಾರ್ ರೇಸ್ ಸರಣಿ ಸೇರಿದಂತೆ ವಿದೇಶಿ ಆಟಗಳಿಗೆ ಚಿತ್ರಕೆಲಸ ಮಾಡಿಕೊಡುತ್ತಿತ್ತು. ಅದನ್ನು 2019ರಲ್ಲಿ ಖರೀದಿಸಿದ್ದು 'ಗ್ರ್ಯಾಂಡ್ ಥೆಫ್ಟ್ ಆಟೊ' ಸರಣಿಯ ರಾಕ್‌ಸ್ಟಾರ್.

ಕೊಳ್ಳುವವರು ಪೆಟ್ಟಿಗೆಯ ಮೇಲಿನ ಅಂಕಿಗಿಂತ ಇಂಥ ಕಂಪೆನಿಗಳ ಮುಂದಿನ ಆಟದ ಪಟ್ಟಿಯನ್ನು ನೋಡುವುದು ಲೇಸು. 'ಗ್ರ್ಯಾಂಡ್ ಥೆಫ್ಟ್ ಆಟೊ 6' ಆಟವನ್ನು ರಾಕ್‌ಸ್ಟಾರ್ ಘೋಷಿಸಿದ್ದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸಿರೀಸ್ ಯಂತ್ರಗಳಿಗೆ. ಅಗ್ಗದ ಸಿರೀಸ್ ಎಸ್ ಆ ಪಟ್ಟಿಯಲ್ಲಿದೆ. 11 ಕೋಟಿಗೂ ಹೆಚ್ಚು ಮಾರಾಟವಾದ ಪ್ಲೇಸ್ಟೇಷನ್ 4 ಇಲ್ಲ.