ಸಾವರ್ಡೆಯ ರೈಲು ಮತ್ತು ಎಂಟು ತೋಟೆಯ ಬಂದೂಕು

ಲೋಂಡಾ, ಕ್ಯಾಸಲ್‌ರಾಕ್‌ಗಳನ್ನು ದಾಟಿ, ದೂಧಸಾಗರದ ಬದಿಯಿಂದ ಘಟ್ಟವಿಳಿದು ಸಾವರ್ಡೆಯನ್ನು ಸೇರುವ ರೈಲುಮಾರ್ಗವು ನಮ್ಮ ಗಡಿಭಾಗದ ಜನರಿಗೆ ಚಿರಪರಿಚಿತವಾದುದು. ದುಡಿಮೆಯನ್ನರಸಿ ಗೋವೆಗೆ ಹೋದ ಎಷ್ಟೋ ಕನ್ನಡ ಕುಟುಂಬಗಳು ಮೊದಲು ಕಾಲಿರಿಸಿದ್ದು ಈ ದಾರಿಯಲ್ಲಿಯೇ. ಮುರಗಾಂವ್ ಬಂದರಿನಿಂದ ಹೊರಟ ಹಳಿಗಳು ಸಾವರ್ಡೆಯನ್ನು ಮುಟ್ಟಿದ್ದು 1887ರಲ್ಲಿ. ಮರುವರ್ಷ ಅವು ಕ್ಯಾಸಲ್‌ರಾಕ್‌ವರೆಗೆ ಏರಿದವು. ಗೋವೆಯನ್ನಾಳುತ್ತಿದ್ದ ಪೋರ್ಚುಗಲ್ ದೇಶವು ತನ್ನ ಸೈನ್ಯದ ಬಂದೂಕನ್ನು ಬದಲಿಸಿದ್ದೂ ಅದೇ ವರ್ಷಗಳಲ್ಲಿ. ರೈಲಿನ ಕಥೆಯನ್ನು ಬಲ್ಲವರು ಹಲವರು. ಬಂದೂಕಿನ ಕಥೆ ಅಷ್ಟಾಗಿ ಕೇಳಿಬಂದಿಲ್ಲ.

ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲಾರೆವೆಂದು ನಿಂತ 1857ರ ಕಾಲದ ಕೋವಿಯನ್ನು ಒಮ್ಮೆ ನೆನೆಯೋಣ. ನಳಿಗೆಯ ಬಾಯಿಗೆ ಮದ್ದು ಸುರಿದು, ಗುಂಡನ್ನಿಟ್ಟು, ಸಲಾಕೆಯಿಂದ ಜಡಿದು, ಆಮೇಲೆ ಗುರಿಯಿಡಬೇಕು. ಪಳಗಿದ ಕೈಗೂ ನಿಮಿಷಕ್ಕೆ ಎರಡು ಮೂರು ಹೊಡೆತಗಳಿಗಿಂತ ಹೆಚ್ಚು ಸಾಧ್ಯವಿರಲಿಲ್ಲ. ಮದ್ದು, ಗುಂಡು, ಕಿಡಿ ಮೂರನ್ನೂ ಒಂದೇ ಲೋಹದ ಕೊಳವೆಯಲ್ಲಿ ಅಡಕಮಾಡಿದ ತೋಟೆಯು ಬಂದ ಬಳಿಕವೇ ಹಲವು ಹೊಡೆತಗಳನ್ನು ಬಂದೂಕಿನೊಳಗೇ ತುಂಬಿಡುವ ವಿಚಾರವು ಸೇನೆಗಳಿಗೆ ಕೈಗೂಡಿತು.

ಪೋರ್ಚುಗಲ್ ಮೊದಲು ಒಪ್ಪಿಕೊಂಡಿದ್ದು ತನ್ನದೇ ಸೈನ್ಯಾಧಿಕಾರಿ ಗೆದೆಶ್ ರಚಿಸಿದ, ಒಂದೇ ತೋಟೆ ಹಿಡಿಯುವ ಬಂದೂಕನ್ನು. ಆಸ್ಟ್ರಿಯದ ಸ್ಟೈರ್ ಕಾರ್ಖಾನೆಗೆ 1885ರಲ್ಲಿ ಬೇಡಿಕೆಯೂ ಹೋಯಿತು. ಅಷ್ಟರಲ್ಲಿ ಯುರೋಪಿನ ಸೈನ್ಯಗಳು ಒಂದಾದ ಮೇಲೊಂದು ಬಹುತೋಟೆಯ ಬಂದೂಕಿಗೆ ತಿರುಗಿದ್ದವು. ಹೊಸದು ಕೈಸೇರುವ ಮುನ್ನವೇ ಹಳತಾಯಿತು! ಪೋರ್ಚುಗಲ್ ಆ ಒಪ್ಪಂದವನ್ನು ಬದಲಿಸಿ, ಅದೇ ಸ್ಟೈರ್‌ನಿಂದ ಕ್ರೋಪಾಚೆಕ್ ಬಂದೂಕನ್ನು ತರಿಸಿಕೊಂಡಿತು. ತಯಾರಾಗಿದ್ದ ಗೆದೆಶ್ ಬಂದೂಕುಗಳು ದಕ್ಷಿಣ ಆಫ್ರಿಕದ ಬೋಯರರಿಗೆ ಮಾರಾಟವಾದವು.

ಆಸ್ಟ್ರಿಯದ ಸೈನ್ಯಾಧಿಕಾರಿ ಆಲ್ಫ್ರೆಡ್ ಫಾನ್ ಕ್ರೋಪಾಚೆಕ್ ರೂಪಿಸಿದ ಈ ಯಂತ್ರದ ಜಾಣ್ಮೆಯನ್ನು ನಾವು ಮೆಚ್ಚದಿರಲಾರೆವು. ನಳಿಗೆಯ ಅಡಿಯಲ್ಲಿ, ಮರದ ಹೊದಿಕೆಯೊಳಗೆ ಇನ್ನೊಂದು ಕೊಳವೆ. ಅದರಲ್ಲಿ ಒಂದರ ಹಿಂದೆ ಒಂದರಂತೆ 8 ತೋಟೆಗಳು, ಅವುಗಳ ಮುಂದೆ ಸುರುಳಿಯಾದ ಸ್ಪ್ರಿಂಗು. ಸೈನಿಕನು ಬೋಲ್ಟಿನ ಹಿಡಿಯನ್ನೆತ್ತಿ ಹಿಂದಕ್ಕೆಳೆದರೆ ಸುಟ್ಟ ತೋಟೆಯ ಕವಚವು ಹೊರಗೆ ಸಿಡಿಯುತ್ತದೆ. ಎಳೆತದ ಕೊನೆಯಲ್ಲಿ ಬೋಲ್ಟು ತಗುಲಿ, ಪುಟ್ಟ ತೊಟ್ಟಿಲಿನಂತಹ ತುಂಡೊಂದು ಹೊಸ ತೋಟೆಯನ್ನು ಹೊತ್ತು ಮೇಲೇಳುತ್ತದೆ. ಬೋಲ್ಟನ್ನು ಮುಂದೆ ನೂಕಿದರೆ ತೋಟೆಯು ನಳಿಗೆಯನ್ನು ಸೇರುತ್ತದೆ. ಹಿಡಿಯನ್ನು ಬಾಗಿಸಿ ಮುಚ್ಚಿದಾಗ ತೊಟ್ಟಿಲು ಕೆಳಗಿಳಿದು, ಸ್ಪ್ರಿಂಗು ತಳ್ಳಿದ ಮುಂದಿನ ತೋಟೆಗಾಗಿ ಕಾದಿರುತ್ತದೆ. ಬದಿಯಲ್ಲಿದ್ದ ಚಿಕ್ಕ ಸನ್ನೆಯೊಂದನ್ನು ತಿರುಗಿಸಿದರೆ ಕೊಳವೆಯ ಸಂಗ್ರಹವು ಮುಟ್ಟದೆ ಉಳಿಯುತ್ತಿತ್ತು. ಸಿಪಾಯಿಯು ತೋಟೆಗಳನ್ನು ದುಂದುಮಾಡಿಯಾನೆಂಬ ಅಧಿಕಾರಿಗಳ ಅಂಜಿಕೆಗೆ ಇದೇ ಸಮಾಧಾನ!

ದೋಷಗಳೂ ಇದ್ದವು. ಬರಿದಾದ ಕೊಳವೆಗೆ ತೋಟೆಗಳನ್ನು ಒಂದೊಂದಾಗಿಯೇ ತುಂಬಬೇಕು. ತೋಟೆ ಖರ್ಚಾದಂತೆ ಬಂದೂಕಿನ ತೂಕದ ಸಮತೋಲ ತಪ್ಪುತ್ತಿತ್ತು. ಹಿಂದಿನ ಗುಂಡಿನ ಮೂತಿ ಮುಂದಿನ ತೋಟೆಯ ಬೆನ್ನಿಗೆ ಒತ್ತಿಕೊಂಡಿರುವುದರಿಂದ ಗುಂಡು ಮೊನಚಾಗಿದ್ದರೆ ಅಪಾಯ. ಅದಕ್ಕೆಂದೇ ತುದಿಯನ್ನು ಚಪ್ಪಟೆಯಾಗಿಸುತ್ತಿದ್ದರು.

ಚಿಕ್ಕ ದೇಶವೊಂದು ದೊಡ್ಡ ವಸಾಹತುಗಳನ್ನು ಹಿಡಿದಿಡಲು ಇಂತಹ ಆಯುಧವೇ ಬೇಕಾಗಿತ್ತು. ಮೊಜಾಂಬಿಕ್‌ನಲ್ಲಿ ಗಾಜಾ ರಾಜ್ಯದ ಅರಸು ಗುಂಗುನ್ಯಾನನ ಮೇಲೆ 1895ರಲ್ಲಿ ಯುದ್ಧ ಹೂಡಿದಾಗ ಪೋರ್ಚುಗೀಸರ ಕೈಯಲ್ಲಿದ್ದುದು ಕ್ರೋಪಾಚೆಕ್. ಆ ವರ್ಷದ ನವೆಂಬರ್ 7ರಂದು ಕೊಲೇಲದಲ್ಲಿ ಕೆಲವು ನೂರು ಸೈನಿಕರು ಚೌಕಾಕಾರವಾಗಿ ನಿಂತು, ಈ ಬಂದೂಕುಗಳಿಂದಲೂ ಯಂತ್ರಕೋವಿಗಳಿಂದಲೂ ಸಾವಿರಾರು ಯೋಧರನ್ನು ಹಿಮ್ಮೆಟ್ಟಿಸಿದರು. ಡಿಸೆಂಬರ್ 28ರಂದು ಅರಸು ಸೆರೆಯಾದನು. 1906ರಲ್ಲಿ ದೂರದ ಅಜೋರ್ಸ್ ದ್ವೀಪದಲ್ಲಿ ಗಡಿಪಾರಿನಲ್ಲಿಯೇ ತೀರಿಕೊಂಡನು.

ಈ ಯುದ್ಧದ ಬಿಸಿ ಗೋವೆಗೂ ತಟ್ಟಿತು. ಪೋರ್ಚುಗೀಸ್ ಸರಕಾರವು ಗೋವೆಯ ಮರಾಠಾ ಸಿಪಾಯಿಗಳನ್ನು ಅಲ್ಲಿಗೆ ಸಾಗಿಸಹೊರಟಾಗ ಅವರು ಹಡಗು ಹತ್ತಲು ಒಪ್ಪಲಿಲ್ಲ. 1895ರ ಸೆಪ್ಟೆಂಬರಿನಲ್ಲಿ ದಂಗೆಯೆದ್ದು, ಸಾವರ್ಡೆಗೆ ಉತ್ತರದಲ್ಲಿರುವ ಸತ್ತರಿಯ ಕಾಡುಗಳನ್ನು ಸೇರಿ, ನಾಣೂಸ್ ಕೋಟೆಯನ್ನು ಆಶ್ರಯಿಸಿದರು. ಹಿಂದೆಯೂ ಪೋರ್ಚುಗೀಸರ ವಿರುದ್ಧ ಹಲವು ಬಾರಿ ಎದ್ದಿದ್ದ ಅಲ್ಲಿನ ರಾಣೆಯರು ಅವರೊಡನೆ ಕೂಡಿದರು. ಪರರ ನೆಲದಲ್ಲಿ ಪರರಿಗಾಗಿ ಸಾಯಲೊಲ್ಲದವರನ್ನು ದ್ರೋಹಿಗಳೆಂದು ಕರೆದ ಸರಕಾರಿ ಮಾತನ್ನು ನಾವು ಒಪ್ಪುವುದಿಲ್ಲ. ದಂಗೆಯನ್ನಡಗಿಸಲು ರಾಜನ ತಮ್ಮ ಅಫೊನ್ಸುವೇ ಲಿಸ್ಬನ್ನಿನಿಂದ ದಂಡಿನೊಡನೆ ಬರಬೇಕಾಯಿತು. ಆದರೂ ಸತ್ತರಿಯ ಕಾಡು ಕೊಲೇಲದ ಬಯಲಾಗಿರಲಿಲ್ಲ. ಮರಗಳ ಮರೆಯಲ್ಲಿ ಅಡಗಿ ಹೊಡೆಯುವವರೆದುರು ಚೌಕಾಕಾರದ ಸಾಲು ಕೆಲಸಕ್ಕೆ ಬಾರದು. ಕಡೆಗೆ 1897ರಲ್ಲಿ ಕ್ಷಮಾದಾನ ಘೋಷಿಸಿದ ಮೇಲೆಯೇ ಪ್ರಕರಣವು ತಣ್ಣಗಾದದ್ದು.

1904ರಲ್ಲಿ ಪೋರ್ಚುಗಲ್ ತನ್ನ ಪದಾತಿದಳಕ್ಕೆ ಮೌಸರ್–ವೆರ್ಗೇರು ಬಂದೂಕನ್ನು ಆರಿಸಿತು. ಅದರಲ್ಲಿ ಪಟ್ಟಿಗೆ ಸಿಕ್ಕಿಸಿದ 5 ತೋಟೆಗಳನ್ನು ಹೆಬ್ಬೆರಳಿನ ಒಂದೇ ಒತ್ತಿಗೆ ಪೆಟ್ಟಿಗೆಯೊಳಕ್ಕೆ ಇಳಿಸಬಹುದಾಗಿತ್ತು. ಕೊಳವೆಯ ಕಾಲ ಮುಗಿಯಿತು. ಹಳೆಯ ಕ್ರೋಪಾಚೆಕ್‌ಗಳು ವಸಾಹತುಗಳ ಪಾಲಿಗೆ ಉಳಿದವು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರೆದುರು ಮೊಜಾಂಬಿಕ್‌ನ ಆಫ್ರಿಕನ್ ಸಿಪಾಯಿಗಳ ಹೆಗಲಿಗೇರಿದ್ದು ಅವೇ.