ಅಕ್ಕನಿಗೆ ಈಗ ಪರೀಕ್ಷೆ

ಪುಣೆಯ ಕಂಪನಿಯೊಂದರಲ್ಲಿ ನನ್ನದು ಎಚ್‌ಆರ್ ಕೆಲಸ. ಅಕ್ಕ ಅಕ್ಕಲಕೋಟೆ ತಾಲ್ಲೂಕಿನ ಜಿಲ್ಲಾ ಪರಿಷತ್ ಕನ್ನಡ ಶಾಲೆಯ ಶಿಕ್ಷಕಿ, 2003ರಲ್ಲಿ ನೇಮಕವಾದವಳು. ‘ಇಷ್ಟು ವರ್ಷ ಮಕ್ಕಳ ಪರೀಕ್ಷಾ ತಗೊಂಡೆ, ಈಗ ನನ್ನ ಪಾಳಿ ಬಂತು ನೋಡೋ ತಮ್ಮಾ’ ಎಂದಳು ಮೊನ್ನೆ.

2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನಂತೆ, ಆರ್‌ಟಿಇ ಕಾಯ್ದೆಗೆ ಮುಂಚೆ ನೇಮಕವಾಗಿ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಆಗದಿದ್ದರೆ ಸೇವೆ ಬಿಡಬೇಕು; ಕಡ್ಡಾಯ ನಿವೃತ್ತಿಯೂ ಆಗಬಹುದು. ಐದು ವರ್ಷಕ್ಕಿಂತ ಕಡಿಮೆ ಉಳಿದವರು ಟಿಇಟಿ ಇಲ್ಲದೆಯೇ ಮುಂದುವರಿಯಬಹುದು, ಬಡ್ತಿಗೆ ಮಾತ್ರ ಅದು ಬೇಕೇ ಬೇಕು. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳ ಪ್ರಶ್ನೆ ದೊಡ್ಡ ಪೀಠದ ಮುಂದಿಡಲು ಕಳಿಸಲಾಗಿದೆ.

ಮಕ್ಕಳಿಗೆ ಅರ್ಹ ಶಿಕ್ಷಕರು ಬೇಕು, ಒಪ್ಪೋಣ. ಆದರೆ ನಮ್ಮ ಕಂಪನಿಯಲ್ಲಿ ಹೊಸ ಅರ್ಹತೆ ಕಡ್ಡಾಯವಾದರೆ ತರಬೇತಿ ಕೆಲಸದ ಸಮಯದಲ್ಲೇ ನಡೆಯುತ್ತದೆ, ಶುಲ್ಕವನ್ನೂ ಕಂಪನಿಯೇ ಕಟ್ಟುತ್ತದೆ. ಅಕ್ಕ ಓದುವುದು ರಾತ್ರಿ ಪಾತ್ರೆ ತೊಳೆದ ಮೇಲೆ. ಗಡುವು ಶಿಕ್ಷಕಿಗಷ್ಟೇ ಏಕೆ? ಕೆಲಸ ಕೊಟ್ಟವರಿಗೂ ಕಲಿಸುವ ಹೊಣೆ ಇರಬೇಡವೇ?

ಅವಳ ಶಾಲೆಯಲ್ಲಿರುವುದು ಇಬ್ಬರೇ ಶಿಕ್ಷಕರು. 150 ಅಂಕಕ್ಕೆ 90 ಬೇಕು. ದಿನಾ ರಾತ್ರಿ ಒಂಬತ್ತೂವರೆಗೆ ಫೋನಿನಲ್ಲಿ ನಾನು ಪ್ರಶ್ನೆ ಓದುತ್ತೇನೆ, ಅವಳು ಉತ್ತರ ಹೇಳುತ್ತಾಳೆ. ನನಗೆ ಮಗ್ಗಿ ಕಲಿಸಿದವಳೂ ಅವಳೇ.